ಎಡಗಡೆಯಿಂದ ಬರುವ ವಿಮಾನ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೇ ಹೋಗಲಿ, ಅಲ್ಲಿ ಮಕ್ಕಳು ಟೀವಿಗೆ ಮೂಗು ತಾಗಿಸಿಕೊಂಡು ಗೇಮ್ ಆಡುತ್ತ ಕೂತಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೂತವರನ್ನು ಕುರ್ಚಿ ಸಮೇತ ಹಿಂದಕ್ಕೆ ಎಳೆಯುತ್ತೇನೆ. ಆಟದ ನಡುವೆ ಹಾಗೆ ಎಳೆದರೆ ಏನಾಗುತ್ತದೆ ಎಂಬುದು ಆಡಿದವರಿಗೇ ಗೊತ್ತು. ಮಕ್ಕಳು ಕಿರುಚುತ್ತಾರೆ, ಮನೆಯವರು ಚಹಾದ ಕಪ್ಪು ಹಿಡಿದುಕೊಂಡು ಮುಖ ಮುಖ ನೋಡಿಕೊಳ್ಳುತ್ತಾರೆ. "ಟೀಚರ್ ಅಲ್ಲೇನ್ರಿ, ಶಾಲಿ ಬಿಟ್ರೂ ಸಾಲು ಸರಿ ಮಾಡೂದು ಬಿಡೂದಿಲ್ಲ" ಎಂದು ಯಾರಾದರೂ ನಕ್ಕು ಮಾತು ಹಗುರ ಮಾಡುತ್ತಾರೆ. ನಾನೂ ನಗುತ್ತೇನೆ. ಲಿಂಗಸುಗೂರಿನಲ್ಲಿ ಇಷ್ಟು ವರ್ಷ ಪಾಠ ಹೇಳಿ ಗಳಿಸಿದ ಹೆಸರಿನ ಮರೆಯಲ್ಲಿ ಈ ಚಟವೂ ನಡೆದುಹೋಗುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡಿದುಕೊಂಡು ಬಂದಳು. "ಟೀಚರ್, ಇದು ಹೊಸಾ ಗೇಮ್ ರೀ. ಒಂದ್ ಸಲ ಆಡಿ, ಐದು ಚುಕ್ಕಿಯಾಗ ಎಷ್ಟು ಕೊಡ್ತೀರಿ ಹೇಳ್ರಿ" ಎಂದಳು. ಆಡಿದೆ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ, ಮರದ ಎಲೆಯ ನೆರಳು ಕೂಡ ನೆಲದ ಮೇಲೆ ಅಲುಗಾಡುತ್ತಿತ್ತು. ಆದರೆ ಆಟ ಮುಗಿಯುವ ಲಕ್ಷಣವೇ ಇಲ್ಲ. ಸೋತರೂ ಎದ್ದು ಹೋಗಲು ಬಿಡುವುದಿಲ್ಲ, ಗೆದ್ದರೆ ಮೊದಲೇ ಬಿಡುವುದಿಲ್ಲ. ವೈರಿಗಳು ಒಮ್ಮೆ ಬಂದ ಕಡೆಯಿಂದ ಮತ್ತೊಮ್ಮೆ ಬರುವುದಿಲ್ಲ. ಅದೇ ಅದರ ದೊಡ್ಡಸ್ತಿಕೆಯಂತೆ, ಹುಡುಗಿ ಹೇಳಿದಳು. ನನಗೆ ಚುಕ್ಕಿ ಕೊಡಲು ಆಗಲಿಲ್ಲ. ಹತ್ತಾರು ಗುಣ, ಹತ್ತಾರು ಕೊರತೆ, ಎಲ್ಲವನ್ನೂ ಕಲಸಿ ಐದು ಚುಕ್ಕಿಯೊಳಗೆ ತುಂಬುವ ವಿದ್ಯೆ ನಾನು ಕಲಿತವಳಲ್ಲ. ನನಗೆ ಪುಟದ ನಡುವೆ ಗೆರೆ ಎಳೆದ ಎರಡು ಕಾಲಂ ಬೇಕು.

ಹುಡುಗಿ ಹೋದ ಮೇಲೆ ಅಲಮಾರಿಯ ತಳದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದೆ. ರಟ್ಟಿಗೆ ಎಣ್ಣೆ ಹಿಡಿದಿದೆ, ಅಂಚು ಇಲಿ ಕಡಿದಿದೆ. ಮೊದಲ ಪುಟದಲ್ಲಿ ಮಸಿ ಪೆನ್ನಿನ ಗುಂಡು ಅಕ್ಷರ: "ವಿಡಿಯೋ ಗೇಮುಗಳ ಗುಣ ಮತ್ತು ಕಸರು. ಬರೆದವರು: ಸಾವಿತ್ರಿ, ಏಳನೇ ತರಗತಿ, ಸಿಂಧನೂರು." ಕಸರು ಅಂದರೆ ನಮ್ಮ ಕಡೆ ಕೊರತೆ, ದೋಷ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಈ ನೋಟ್‌ಬುಕ್ಕನ್ನು ಬಹಳ ಗಂಭೀರವಾಗಿ ತುಂಬಿಸಿದೆ. ಇದರಲ್ಲಿ ನಮ್ಮಪ್ಪನ ಕಣ್ಣು ಸ್ವಲ್ಪ ಸ್ವಲ್ಪವೇ ಹೋದ ಕತೆ ಇದೆ. ಬರೆದವಳು ನಾನೇ. ಬರೆಯುವಾಗ ನನಗೆ ಅದು ಗೊತ್ತಿರಲಿಲ್ಲ.

ಅಪ್ಪನ ಹೆಸರು ಅಮರೇಶಪ್ಪ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ನೆಲ್ಲು ನೋಡುವುದು ಅವನ ಕೆಲಸ. ಭತ್ತಕ್ಕೆ ನಮ್ಮಲ್ಲಿ ನೆಲ್ಲು ಅನ್ನುತ್ತಾರೆ. ಕಾಲುವೆಯ ಊರಾದ್ದರಿಂದ ಸುಗ್ಗಿಯಲ್ಲಿ ಗಿರಣಿಯ ಅಂಗಳ, ಮಾರುಕಟ್ಟೆಯ ಅಂಗಳ ಎಲ್ಲವೂ ನೆಲ್ಲಿನ ರಾಶಿಯೇ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಕಾಳನ್ನು ಅಪ್ಪ ಎಡ ಅಂಗೈಗೆ ಸುರಿದುಕೊಳ್ಳುತ್ತಿದ್ದ. ಬಲ ಅಂಗೈಯಿಂದ ತಿಕ್ಕಿ, ಹೊಟ್ಟು ಊದಿ, ಉಳಿದ ಅಕ್ಕಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟ್ಟೆನ್ನಿಸಿದರೆ ಹಸಿ ಎಷ್ಟು, ನುಚ್ಚು ಎಷ್ಟು ಬೀಳುತ್ತದೆ ಎಲ್ಲ ತಿಳಿಯುತ್ತಿತ್ತು. ಅವನು ಹೇಳಿದ್ದನ್ನು ರೈತನೂ ಒಪ್ಪುತ್ತಿದ್ದ, ಗಿರಣಿಯವನೂ ಒಪ್ಪುತ್ತಿದ್ದ. ನಮ್ಮ ಮನೆ ನಿಂತದ್ದು ಅಪ್ಪನ ಆ ಎರಡು ಕಣ್ಣುಗಳ ಮೇಲೆ.

ಅವನದೊಂದು ಪದ್ಧತಿ ಇತ್ತು. ಎಂಥ ಹೊಲಸು ನೆಲ್ಲು ಬಂದರೂ ಮೊದಲು ಅದರ ಗುಣ ಹೇಳಬೇಕು, ಆಮೇಲೆ ಕಸರು. ಕಸ ಕಲ್ಲು ತುಂಬಿದ ಚೀಲ ನೋಡಿಯೂ "ಬಣ್ಣ ಚಲೋ ಬಂದೈತಿ ನೋಡ್ರಿ" ಎಂದು ಶುರುಮಾಡುತ್ತಿದ್ದ. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅಂವ ನಾಕು ತಿಂಗಳು ಕೆಸರಾಗ ನಿಂತು ಬೆಳದಾನ ಯವ್ವಾ. ಮೊದಲ ಕಸರು ಹೇಳಿಬಿಟ್ರ ಅವನ ಮಾರಿ ನೋಡಾಕ ಆಗೂದಿಲ್ಲ" ಅಂದಿದ್ದ.

ಆ ಪದ್ಧತಿಯೇ ನೋಟ್‌ಬುಕ್ಕಿಗೂ ಬಂತು. ಆದರೆ ನೋಟ್‌ಬುಕ್ ಶುರುವಾದದ್ದು ಮಸ್ಕಿಯ ಶರಣಪ್ಪ ಮಾಮನಿಂದ. ಅವ್ವನ ತಮ್ಮ ಶರಣಪ್ಪ ಮಾಮ ಮಸ್ಕಿಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ. ಊರಿನ ಟೀವಿಗಳೆಲ್ಲ ಅವನ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದವು. ಆ ಕಾಲಕ್ಕೆ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಹೊಸದಾಗಿ ಬಂದಿತ್ತು. ಒಂದು ಡಬ್ಬಿ, ಅದಕ್ಕೆ ಸಿಕ್ಕಿಸುವ ದಪ್ಪ ಕ್ಯಾಸೆಟ್ಟು, ವೈರಿನ ತುದಿಗೆ ಗುಂಡಿಗಳಿರುವ ಒಂದು ಹಿಡಿ. ಹಿಡಿಗೆ ನಾವು ರಿಮೋಟು ಅನ್ನುತ್ತಿದ್ದೆವು. ಮಾಮ ಹೈದರಾಬಾದಿನಿಂದ ಕ್ಯಾಸೆಟ್ಟುಗಳನ್ನು ತರಿಸಿ ಬಾಡಿಗೆಗೆ ಕೊಡಲು ಶುರುಮಾಡಿದ. ಯಾವುದರಲ್ಲಿ ಏನಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

"ಸಾವಿ, ನಾ ಟೀವಿ ಬಿಚ್ಚಾಂವ, ಆಡಾಂವಲ್ಲ. ಬಂದ ಮಂದಿ ಯಾವ್ದು ಚಲೋ ಐತಿ ಅಂತ ಕೇಳ್ತಾರ. ನೀ ಆಡಿ ನೋಡಿ ಬರದು ಕಳಸು" ಎಂದು ಒಂದು ಹಳೆಯ ಡಬ್ಬಿಯನ್ನೂ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟೀವಿಯನ್ನೂ ನಮ್ಮ ಮನೆಗೆ ತಂದಿಟ್ಟ. ಹನ್ನೆರಡು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಹುದ್ದೆ ಬೇಕೆ? ಮಸ್ಕಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟು ಬರುತ್ತಿತ್ತು. ಒಂದು ವಾರ ಆಡಿ, ತೀರ್ಪು ಬರೆದ ಚೀಟಿ ಸಮೇತ ಅದೇ ಕಂಡಕ್ಟರನ ಕೈಯಲ್ಲಿ ವಾಪಸು ಕಳಿಸುತ್ತಿದ್ದೆ. ಚೀಟಿಯ ಮೂಲಪ್ರತಿ ನೋಟ್‌ಬುಕ್ಕಿನಲ್ಲಿ ಉಳಿಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾನು ನಡೆಯುವ ಠೀವಿ ನೋಡಿದವರು ಯಾವುದೋ ಕಚೇರಿಯ ಕಾಗದ ಒಯ್ಯುತ್ತಿದ್ದಾಳೆ ಎಂದುಕೊಳ್ಳಬೇಕಿತ್ತು.

ಈಗ ಓದಿದರೆ ನಾಚಿಕೆಯಾಗುತ್ತದೆ, ಆದರೂ ಒಂದೆರಡು ಹೇಳುತ್ತೇನೆ. "ಇಟ್ಟಂಗಿ ಆಟ. ಗುಣ: ಮೇಲಿಂದ ಬೀಳುವ ಇಟ್ಟಂಗಿಗಳನ್ನು ಸಂದಿಲ್ಲದಂತೆ ಜೋಡಿಸುವುದರಿಂದ ಬುದ್ಧಿ ಚುರುಕಾಗುತ್ತದೆ. ಕಸರು: ಎಷ್ಟು ಕಟ್ಟಿದರೂ ಮನೆ ಆಗುವುದಿಲ್ಲ." "ಕಾರಿನ ಆಟ. ಗುಣ: ರಸ್ತೆಯಲ್ಲಿ ಗುಂಡಿ ಇಲ್ಲ. ಕಸರು: ಕಾರಿಗೆ ಹಾರ್ನು ಇಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಆದ್ದರಿಂದ ನಿಜ ಅನ್ನಿಸುವುದಿಲ್ಲ." ಇಟ್ಟಂಗಿ ಆಟದಲ್ಲಿ ನಮ್ಮ ಮನೆಯ ಪಂಡಿತೆ ಅವ್ವ. ಅವಳು ಒಮ್ಮೆಯೂ ರಿಮೋಟು ಮುಟ್ಟಲಿಲ್ಲ. ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಹಾದುಹೋಗುವಾಗ "ಅದನ್ನ ಅಡ್ಡ ಮಲಗಸು, ಸಂದಿ ಮುಚ್ಚತೈತಿ" ಎಂದು ಹೇಳಿ ಹೋಗುತ್ತಿದ್ದಳು. ಒಂದೇ ಕೋಣೆಯಲ್ಲಿ ಇಡೀ ಸಂಸಾರದ ಪಾತ್ರೆ ಪಡಗ ಜೋಡಿಸಿದವಳಿಗೆ ಅದೇನು ಮಹಾ?

ಅಪ್ಪ ಆಡಲು ಕೂತದ್ದು ವಿಮಾನದ ಆಟ ಬಂದ ಮೇಲೆ. ಪರದೆಯ ಕೆಳಗೆ ನಮ್ಮ ವಿಮಾನ, ಮೇಲಿನಿಂದಲೂ ಎರಡು ಬದಿಯಿಂದಲೂ ವೈರಿ ವಿಮಾನಗಳು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತ. "ನನಗೂ ಒಂದೀಟು ಕೊಡು, ನೋಡೂಣು" ಎಂದ. ರಿಮೋಟಿನ ವೈರು ಮೊಳದುದ್ದ. ಹಾಗಾಗಿ ಟೀವಿಯ ಮುಂದೆ ಮುಖ ಇಟ್ಟುಕೊಂಡೇ ಆಡಬೇಕು. ಅಪ್ಪನ ವಿಮಾನ ಕ್ಷಣದಲ್ಲಿ ಉರಿದುಹೋಯಿತು. ನಾನು ಚಪ್ಪಾಳೆ ತಟ್ಟಿ ನಕ್ಕೆ.

ಅಪ್ಪ ನಗಲಿಲ್ಲ. ಮತ್ತೆ ಆಡಿದ, ಮತ್ತೆ ಆಡಿದ. ಆಮೇಲೆ ಪ್ರತಿ ಭಾನುವಾರ ಆಡತೊಡಗಿದ. ಮಾಮ ಹೊಸ ಕ್ಯಾಸೆಟ್ಟು ಕಳಿಸಿದರೂ ಅಪ್ಪನಿಗೆ ಆ ವಿಮಾನದ್ದೇ ಬೇಕು, ಅದೊಂದನ್ನು ವಾಪಸು ಕಳಿಸಲು ಬಿಡಲೇ ಇಲ್ಲ. ಎದುರಿನಿಂದ ಬಂದವನ್ನು ಒಂದೂ ಬಿಡದೆ ಹೊಡೆಯುತ್ತಿದ್ದ. ಎಡಗಡೆಯಿಂದ ಬಂದದ್ದು ಮಾತ್ರ ಅವನಿಗೆ ಸಿಗುತ್ತಿರಲಿಲ್ಲ.

"ಬಾಜೂಲಿಂದ ಬರೂದು ಕಾಣವಲ್ದು ನೋಡು. ಬರಕೋ" ಎಂದ. ಬರೆದುಕೊಂಡೆ. "ಕಸರು: ಎಡಗಡೆಯ ವಿಮಾನ ಮೊದಲೇ ಕಾಣುವುದಿಲ್ಲ, ಹತ್ತಿರ ಬಂದ ಮೇಲೆ ಕಾಣುತ್ತದೆ." ನನಗೆ ಕಾಣುತ್ತಿತ್ತು. ಆದರೆ ಆಟ ಬಾರದವರು ಆಟಕ್ಕೇ ಹೆಸರಿಡುವುದು ಸಹಜ ಎಂದುಕೊಂಡೆ. ನನ್ನ ಪಾಲಿನದನ್ನೂ ಕೆಳಗೆ ಸೇರಿಸಿದೆ: "ಇನ್ನೊಂದು ಕಸರು: ವೈರಿ ವಿಮಾನಗಳು ಪ್ರತಿ ಸಲ ಅದೇ ಜಾಗದಿಂದಲೇ ಬರುತ್ತವೆ. ನಾಲ್ಕು ದಿನಕ್ಕೆ ಬೇಸರ."

ಈ ಎಡಗಡೆಯ ಕಸರಿಗೆ ಮನೆಯವರೆಲ್ಲ ಸೇರಿ ಒಂದು ಕಾರಣ ಕಂಡುಹಿಡಿದೆವು. ಅಕ್ಕಿ ಗಿರಣಿಗಳ ಊರಿನವರಿಗೆ ಅದು ತಾನಾಗಿಯೇ ಹೊಳೆಯುತ್ತದೆ. ಗಿರಣಿಗಳು ಚಾಲೂ ಆದವೆಂದರೆ ಸಿಂಧನೂರಿನಲ್ಲಿ ವೋಲ್ಟೇಜು ಇಳಿಯುತ್ತಿತ್ತು. ಬಲ್ಬು ಕೆಂಪಗಾಗುತ್ತಿತ್ತು, ಟೀವಿಯ ಚಿತ್ರ ಕುಗ್ಗಿ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತಿತ್ತು. ಬದಿ ಕಾಣದಿದ್ದರೆ ಅದು ಗಿರಣಿಯ ಕೆಲಸವೇ. ಮಾಮ ಬಂದವನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ನಿಮ್ಮ ಮಿಲ್ಲೇ ನಿಮ್ಮ ವಿಮಾನ ಕೆಡವಾಕತ್ತೈತಿ" ಎಂದ. ಮುಂದಿನ ವಾರ ಒಂದು ಸ್ಟೆಬಿಲೈಸರ್ ತಂದು ಕೂರಿಸಿದ. ಅದು ಸದಾ ಗುಂಯ್ ಎನ್ನುತ್ತಿತ್ತು. ಚಿತ್ರ ಪರದೆಯ ತುಂಬ ಬಂತು.

"ಈಗ ಕಾಣ್ತೈತೇನಪ್ಪಾ?" ಎಂದು ಕೇಳಿದೆ.

"ಹೂಂ, ಈಗ ಚಲೋ ಐತಿ" ಎಂದ ಅಪ್ಪ. ವಿಮಾನ ಮಾತ್ರ ಮೊದಲಿನ ಹಾಗೆಯೇ ಉರಿಯುತ್ತಿತ್ತು. ವಾರ ವಾರವೂ ಒಂದೊಂದು ಕಸರು ಹೇಳಿ ನನ್ನಿಂದ ಬರೆಸುತ್ತಿದ್ದ.

ಇದರ ನಡುವೆ ಒಂದು ವಿಚಿತ್ರವಾಯಿತು. ಒಮ್ಮೆ ಎಲ್ಲರೂ ಮಸ್ಕಿಗೆ ಹೋಗಿದ್ದಾಗ ಅಪ್ಪ ಮಾಮನ ಅಂಗಡಿಯಲ್ಲಿ, ಜೊತೆಗೆ ಒಯ್ದಿದ್ದ ಅದೇ ಕ್ಯಾಸೆಟ್ಟು ಹಾಕಿಸಿಕೊಂಡು ಕೂತ. ಅಲ್ಲಿ ಟೀವಿ ಗೋಡೆಯ ಎತ್ತರದ ಹಲಗೆಯ ಮೇಲಿತ್ತು. ಗಿರಾಕಿಗಳು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಆಡಲಿ ಎಂದು ಮಾಮ ರಿಮೋಟಿನ ವೈರಿಗೆ ಇನ್ನಷ್ಟು ವೈರು ಬೆಸೆದಿದ್ದ. ಅಪ್ಪ ಆ ಬೆಂಚಿನಲ್ಲಿ ಕೂತು ಆಡಿದ್ದೇ ಆಡಿದ್ದು. ಎಡಗಡೆಯ ವಿಮಾನಗಳನ್ನೂ ಒಂದೊಂದಾಗಿ ಉರುಳಿಸಿದ. ನನಗಿಂತ ಮುಂದೆ ಹೋದ. ನೋಡುತ್ತಿದ್ದವರು ಶಾಬಾಸ್ ಎಂದರು. ನಾನು ಅಲ್ಲೇ ಕೂತು ಬರೆದೆ: "ಈ ಕ್ಯಾಸೆಟ್ಟು ಮಸ್ಕಿಯಲ್ಲಿ ಚಲೋ, ಸಿಂಧನೂರಿನಲ್ಲಿ ಕಸರು. ಕಾರಣ: ಮಸ್ಕಿಯಲ್ಲಿ ಮಿಲ್ಲುಗಳು ಕಡಿಮೆ." ಬರೆದದ್ದನ್ನು ಅಪ್ಪನಿಗೆ ಹೆಮ್ಮೆಯಿಂದ ಓದಿ ಹೇಳಿದೆ. ಅಪ್ಪ ಬೆಂಚಿನಿಂದ ಎದ್ದು ಟೀವಿಯ ಹತ್ತಿರ ಹೋಗಿ ನಿಂತ. ಆಮೇಲೆ ಬೆಂಚಿನ ತನಕ ಹಿಂದೆ ಹಿಂದೆ ನಡೆದು ಬಂದ. ಮತ್ತೊಮ್ಮೆ ಹಾಗೆಯೇ ಮಾಡಿದ. ದೂರ ನಿಂತರೆ ಇಡೀ ಪರದೆ ಅವನ ಉಳಿದ ನೋಟದೊಳಗೆ ಹಿಡಿಯುತ್ತಿತ್ತು, ಹತ್ತಿರ ಹೋದರೆ ಹಿಡಿಯುತ್ತಿರಲಿಲ್ಲ. ಇದನ್ನು ನಾನು ಈಗ ಬರೆಯುತ್ತಿದ್ದೇನೆ. ಅವತ್ತು ಅಪ್ಪ ಏನೋ ಅಳತೆ ತೆಗೆಯುತ್ತಿದ್ದಾನೆ ಎಂದು ಮಾತ್ರ ನೋಡಿದೆ.

ಮನೆಯಲ್ಲಿ ಅವನ ಎಡಗೈ ಬದಿಗೆ ಇಟ್ಟ ನೀರಿನ ಚೊಂಬು ಉರುಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. "ಲಕ್ಷ್ಯ ಎಲ್ಲಿ ಇಟ್ಟೀರಿ?" ಎಂದು ಅವ್ವ ರೇಗುತ್ತಿದ್ದಳು. ಉತ್ತರವೂ ಅವಳದೇ: "ಆ ಡಬ್ಬಿಯೊಳಗ." ವಿಡಿಯೋ ಗೇಮಿನಿಂದ ಕಣ್ಣು ಹಾಳಾಗುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನಮ್ಮ ಶಾಲೆಯ ಗುರುಗಳು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೇಳಿದ್ದರು. ನಾನು ಅದನ್ನು ಕಸರಿನ ಕಾಲಂನಲ್ಲಿ ಬರೆಯದೆ ತಪ್ಪಿಸಿಕೊಂಡಿದ್ದೆ. ಬರೆದರೆ ಹುದ್ದೆ ಹೋಗುತ್ತದೆಂಬ ಭಯ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಮಾರುಕಟ್ಟೆಯ ಅಂಗಳಕ್ಕೆ ಹೋದೆ. ಸುಗ್ಗಿ ಜೋರಾಗಿತ್ತು. ಎಲ್ಲಿ ನೋಡಿದರೂ ನೆಲ್ಲಿನ ರಾಶಿ, ನಡುವೆ ಕಾಲುದಾರಿ. ರಾಶಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಸುಳಿಯುವುದಿಲ್ಲ. ಮುಟ್ಟುವ ಮೊದಲು ಬಗ್ಗಿ ಕೈ ಹಚ್ಚಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅದನ್ನು ನನಗೆ ಕಲಿಸಿದವನೇ ಅಪ್ಪ. ಅವನು ದೂರದಿಂದ ಬರುತ್ತಿದ್ದ, ಕೈಯಲ್ಲಿ ಕೊಳವೆ, ನೇರ ನೋಟ. ಎಡಗಡೆ ಒಬ್ಬ ರೈತ ಆಗಷ್ಟೇ ಸುರಿದ ರಾಶಿ ಇತ್ತು. ಅಪ್ಪ ಚಪ್ಪಲಿ ಮೆಟ್ಟಿದ ಕಾಲನ್ನು ಅದರ ಮೇಲೆ ಇಟ್ಟ. ಒಂದಲ್ಲ, ಎರಡು ಹೆಜ್ಜೆ ಇಟ್ಟ.

"ಅಮರೇಶಪ್ಪಾರ!" ರೈತ ಕೂಗಿದ. "ಬ್ಯಾರೆ ಯಾರರ ಆಗಿದ್ರ ಅನ್ನಬೋದಿತ್ತು. ನೀವ ರಾಶಿ ತುಳದ್ರ ಹೆಂಗ್ರಿ?"

ಅಪ್ಪ ಕೆಳಗೆ ನೋಡಿದ. ಕಾಲಡಿಯ ನೆಲ್ಲು ಅವನಿಗೆ ಆಗ ಕಂಡಿತು. ಚಪ್ಪಲಿ ಕಿತ್ತು ದೂರ ಎಸೆದು, ಮೊಣಕಾಲೂರಿ, ಎರಡೂ ಕೈ ರಾಶಿಗೆ ಹಚ್ಚಿ ಕಣ್ಣಿಗೆ ಒತ್ತಿಕೊಂಡ. ಸುತ್ತ ಜನ ನಿಂತಿದ್ದರು. "ಹೆಸರು ಬಂತಂದ್ರ ನೆಲ ಕಾಣೂದಿಲ್ಲ ಬಿಡು" ಎಂದು ಒಬ್ಬ ಗೊಣಗಿದ. ಅಪ್ಪ ಆ ಮಾತಿಗೆ ತಿರುಗಲಿಲ್ಲ, ರೈತನಿಗೆ ಮಾತ್ರ "ತಪ್ಪಾತು ಯಪ್ಪಾ" ಎಂದ. ಅಪ್ಪ ಯಾರ ಮುಂದೆಯಾದರೂ ಹಾಗೆ ಮೊಣಕಾಲೂರಿದ್ದನ್ನು ನಾನು ಮೊದಲ ಸಲ ನೋಡಿದ್ದೆ. ಬುತ್ತಿಯ ಗಂಟು ಹಿಡಿದುಕೊಂಡು ಒಂದು ಕಂಬದ ಹಿಂದೆ ನಿಂತೆ. ನನಗೆ ಅಳು ಬಂತು.

ಮನೆಗೆ ಬಂದು ನಡೆದದ್ದು ಹೇಳಿದ ಮೇಲೆ ಅವ್ವ ಸ್ಟೆಬಿಲೈಸರಿನ ವೈರು ಕಿತ್ತು ಹಾಕಿದಳು. "ಹೇಳೀನೋ ಇಲ್ಲೋ? ಈ ಡಬ್ಬಿ ಅವರ ಕಣ್ಣ ತಿಂತು. ನೀನ ಆಡಾಕ ಹಚ್ಚಿದಿ" ಎಂದು ನನ್ನ ಕಡೆ ನೋಡಿದಳು. ಅವ್ವನಿಗೆ ಸಿಟ್ಟಿನಲ್ಲಿ ಬಂದ ಮಾತು. ಆದರೆ ನಾನು ಅದನ್ನು ಪೂರ್ತಿ ನಂಬಿದೆ. ಅವತ್ತು ನೋಟ್‌ಬುಕ್ಕಿನಲ್ಲಿ ವಿಮಾನದ ಆಟಕ್ಕೆ ಹೊಸ ಪುಟ ಮಾಡಿ, ಕಸರಿನ ಕಾಲಂನಲ್ಲಿ "ಅಪ್ಪನ ಕಣ್ಣು ಹೋಯಿತು" ಎಂದು ಬರೆದೆ. ಹಿಂದಿನ ಕಸರುಗಳನ್ನೂ ಒಂದೊಂದಾಗಿ ಅದರ ಕೆಳಗೆ ಇಳಿಸಿದೆ. ಗುಣದ ಕಾಲಂ ಖಾಲಿ ಬಿಟ್ಟೆ.

ಲಿಂಗಸುಗೂರಿನಲ್ಲಿ ಕಣ್ಣಿನ ತಪಾಸಣೆ ಇದೆ ಎಂದು ಸುದ್ದಿ ತಂದವನು ಮಾಮ. ಅಪ್ಪ, ಅವ್ವ, ನಾನು ಮೂವರೂ ಹೋದೆವು. ಒಂದು ಶಾಲೆಯ ಕೋಣೆ, ಹೊರಗೆ ಬೇವಿನ ಮರದ ಕೆಳಗೆ ಸಾಲು. ನಮ್ಮ ಸರದಿ ಬಂದಾಗ ಡಾಕ್ಟರು, "ಏನು ತೊಂದರೆ?" ಎಂದರು. ಅಪ್ಪ ಅಂಗಿಯೊಳಗಿನಿಂದ ನನ್ನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಅದನ್ನು ಅವನು ತಂದದ್ದು ನನಗೆ ಗೊತ್ತಿರಲಿಲ್ಲ.

"ಸಾಹೇಬ್ರ, ಬಾಯಿಲೆ ಹೇಳಾಕ ಬರೂದಿಲ್ಲ ನನಗ. ಮಗಳು ಇದರಾಗ ಬರದಾಳ. ಕಸರು ಅಂತ ಇದ್ದಲ್ಲೆ ನೋಡ್ರಿ."

ಡಾಕ್ಟರು ಮೊದಲು ನಗುತ್ತಲೇ ಪುಟ ತಿರುವಿದರು. ಹಾರ್ನಿಲ್ಲದ ಕಾರು, ಮನೆಯಾಗದ ಇಟ್ಟಂಗಿ. ಆಮೇಲೆ ನಗು ನಿಂತಿತು. ಎಡಗಡೆಯ ವಿಮಾನ ಹತ್ತಿರ ಬಂದ ಮೇಲೆ ಕಾಣುತ್ತದೆ. ಎಡಗಡೆಯ ವಿಮಾನ ನಡುವಿಗೆ ಬಂದ ಮೇಲೆ ಕಾಣುತ್ತದೆ. ಈ ವಾರ ಬಲಗಡೆಯದೂ ತಡವಾಗಿ ಕಾಣುತ್ತದೆ. ಮಸ್ಕಿಯಲ್ಲಿ ದೂರ ಕೂತರೆ ಕಾಣುತ್ತದೆ. ನಾನು ಅಪ್ಪನ ಹೆಗಲ ಹಿಂದೆ ನಿಂತು ನನ್ನದೇ ಅಕ್ಷರ ಓದುತ್ತಿದ್ದೆ. ಒಂದಾದ ಮೇಲೊಂದು ವಾರ ಓದಿದಾಗ ಅದು ಆಟದ ದೋಷವಲ್ಲ ಎಂದು ನನಗೂ ತಿಳಿಯಿತು.

ಡಾಕ್ಟರು ಅಪ್ಪನಿಗೆ ನೇರ ನೋಡಲು ಹೇಳಿ, ಬದಿಯಿಂದ ಬೆರಳು ನಿಧಾನಕ್ಕೆ ತರುತ್ತ, "ಕಂಡಾಗ ಹೇಳಿ" ಎಂದರು. ಬೆರಳು ಕಿವಿ ದಾಟಿತು, ಹುಬ್ಬಿನ ಕೊನೆ ದಾಟಿತು. ಅಪ್ಪ ಸುಮ್ಮನಿದ್ದ. ನನಗೆ ಕೂಗಿ ಹೇಳಬೇಕೆನ್ನಿಸಿತು. ಬೆರಳು ಮೂಗಿನ ಹತ್ತಿರ ಬಂದಾಗ "ಈಗ" ಎಂದ.

ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ, ನೋಟ ಬದಿಯಿಂದ ಒಳಗೊಳಗೆ ಸವೆಯುತ್ತ ಬರುವ ರೋಗ ಎಂದರು. ನೋವಿರುವುದಿಲ್ಲ, ನಡುವಿನ ನೋಟ ಕೊನೆಯ ತನಕ ಚೆನ್ನಾಗಿರುತ್ತದೆ, ಆದ್ದರಿಂದ ತಿಳಿಯುವುದಿಲ್ಲ. ಅಂಗೈಯ ಕಾಳು ಅಷ್ಟು ಚೆನ್ನಾಗಿ ಕಾಣುತ್ತಿದ್ದದ್ದು ಅದಕ್ಕೇ. ಹೋದದ್ದು ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದನ್ನು ಕಾಯ್ದುಕೊಳ್ಳಬಹುದು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು: "ವಿಡಿಯೋ ಗೇಮ್ ಆಡಿ ಹಿಂಗಾತೇನ್ರಿ?"

"ಇಲ್ಲಮ್ಮ. ಇದು ಶುರುವಾಗಿ ಎಷ್ಟೋ ವರ್ಷವಾಗಿದೆ. ಆಡಿದ್ದಕ್ಕೆ ಈಗಲಾದರೂ ಗೊತ್ತಾಯಿತು" ಎಂದರು ಡಾಕ್ಟರು. ನೋಟ್‌ಬುಕ್ಕನ್ನು ಅಪ್ಪನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು.

ಅಪ್ಪ ಆಮೇಲೂ ಬಹಳ ವರ್ಷ ನೆಲ್ಲು ನೋಡಿದ. ಗಿರಣಿಯವರಿಗೆ ಮರುದಿನವೇ ಎಲ್ಲ ಹೇಳಿಬಿಟ್ಟ. "ಅಂಗೈಯಾಗಿಂದು ಕಾಣ್ತೈತಿ, ಅಷ್ಟ ನಂದು ಕೆಲಸ" ಎಂದ. ಅವರು ಒಪ್ಪಿದರು. ಹನಿ ತಪ್ಪಿಸಲಿಲ್ಲ. ಯಾವ ಕಡೆಗೂ ಕತ್ತು ತಿರುಗಿಸಿ ನೋಡುವುದನ್ನು ಹಟ ಹಿಡಿದು ಕಲಿತ. ಮಾರುಕಟ್ಟೆಯ ಅಂಗಳಕ್ಕೆ ಮಾತ್ರ ಮತ್ತೆಂದೂ ಚಪ್ಪಲಿ ಮೆಟ್ಟಿ ಹೋಗಲಿಲ್ಲ. ಕಾಲು ಎಲ್ಲಿ ಬಿದ್ದರೂ ಬರಿಗಾಲು ಬೀಳಲಿ ಎಂದು ಬೇಸಿಗೆಯ ಕಾದ ನೆಲದ ಮೇಲೂ ಹಾಗೆಯೇ ನಡೆದ. ಅವನು ಹೋಗಿ ಈಗ ಕೆಲವು ವರ್ಷಗಳಾದವು. ಕೊನೆಯ ತನಕ ಅಂಗೈಯಷ್ಟು ನೋಟ ಉಳಿದಿತ್ತು.

ಆದರೆ ನಾನು ಹೇಳಬೇಕೆಂದದ್ದು ಆ ದಿನದ ಬಸ್ಸಿನ ಮಾತು. ಲಿಂಗಸುಗೂರಿನಿಂದ ವಾಪಸು ಬರುವಾಗ ಅವ್ವ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಾನೂ ಅಪ್ಪನೂ ಹಿಂದೆ. ನೋಟ್‌ಬುಕ್ ನನ್ನ ತೊಡೆಯ ಮೇಲಿತ್ತು. ಅಳು ತಡೆಯಲಾಗದೆ ಕೇಳಿದೆ: "ಅಪ್ಪಾ, ನನಗ ಯಾಕ ತಿಳೀಲಿಲ್ಲ? ನಾನ ಬರದೀನಿ."

"ನನಗ ತಿಳಿದಿತ್ತು" ಎಂದ ಅಪ್ಪ. "ಡಬ್ಬಿ ಬರೂಕಿಂತ ಮೊದಲ ಒಂದ್ ಸಲ ಲಾರಿ ಅಡ್ಡ ಬಂದಿತ್ತು. ಮೈಮ್ಯಾಲೆ ಬರೂತನಕ ಕಾಣಲಿಲ್ಲ. ಅವತ್ತಿಂದ ಅಂಜಿಕಿ. ಕಣ್ಣು ಸರಿ ಇಲ್ಲ ಅಂದ್ರ ನನ್ನ ಕೈಯಾಗ ನೆಲ್ಲು ಯಾರು ಕೊಡ್ತಾರ? ಯಾರಿಗೆ ಹೇಳ್ಲಿ? ಅದಕ್ಕ ನಿನ್ನ ಆಟಕ್ಕ ಕುಂತೆ. ವಾರಕ್ಕೊಮ್ಮೆ ಎಷ್ಟು ಹೋತು ಅಂತ ನೋಡಕೋತಿದ್ದೆ. ನಿನಗ ಬರಿ ಅಂತಿದ್ದೆ, ಒಬ್ಬರಿಗರ ಗೊತ್ತಿರಲಿ ಅಂತ. ಓದಿ ತಿಳಕೊಂಡಿ ಅಂದ್ರ ಹೆಂಗಂತ ಅದಕ್ಕೂ ಅಂಜಿಕಿ."

ಮಸ್ಕಿಯಲ್ಲಿ ಬಸ್ಸು ನಿಂತಿತು. ಮಾಮ ಕಾಯುತ್ತಿದ್ದವನು ಓಡಿ ಬಂದು ಕಿಟಕಿಯ ಸರಳು ಹಿಡಿದುಕೊಂಡ. "ಏನಂದ್ರು ಭಾವ?"

"ಮಿಲ್ಲಿಂದು ಏನೂ ತಪ್ಪಿಲ್ಲೋ ಶರಣಪ್ಪ" ಎಂದ ಅಪ್ಪ. ಮಾಮನಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಮುಖ ನೋಡಲಾಗಲಿಲ್ಲ. ಬಸ್ಸು ಹೊರಟರೂ 'ಭಾವ, ಭಾವ' ಅನ್ನುತ್ತ ಸ್ವಲ್ಪ ದೂರ ಜೊತೆಗೇ ನಡೆದುಬಂದ.

ಅಪ್ಪ ನೋಟ್‌ಬುಕ್ ತೆಗೆದುಕೊಂಡು ಕೊನೆಯ ಪುಟ ಬಿಡಿಸಿ ಮುಖದ ನೇರಕ್ಕೆ ಹಿಡಿದ. "ಗುಣ ಖಾಲಿ ಬಿಟ್ಟಿಯಲ್ಲ. ಮೊದಲ ಗುಣ ಬರೀಬೇಕಂತ ಹೇಳಿಲ್ಲೇನು?"

"ಅದಕ್ಕ ಯಾವ ಗುಣಾನೂ ಇಲ್ಲ" ಎಂದೆ.

"ಐತಿ. ಇಲ್ಲಿ ನೀ ಬರದೀಯಲ್ಲ, ಪ್ರತಿ ಸಲ ಅದ ಜಾಗದಿಂದ ಬರತಾವ ಅಂತ. ಕಸರಿನಾಗ ಹಾಕೀದಿ. ಲಾರಿ ಎಲ್ಲಿಂದ ಬರತೈತಿ ಯಾರಿಗೆ ಗೊತ್ತು? ಇದು ಅದ ಜಾಗದಿಂದ ಬರತಿತ್ತು ಅಂತ ನನ್ನ ಕಣ್ಣಿನ ಅಳತಿ ತಗೊಳ್ಳಾಕ ಆತು. ಅದನ್ನ ತಗದು ಗುಣದಾಗ ಬರಿ."

ಪೆನ್ನು ಅವನ ಜೇಬಿನಲ್ಲಿತ್ತು. ಬಸ್ಸಿನ ಕುಲುಕಾಟದಲ್ಲಿ ಬರೆದೆ. ಆ ಒಂದು ಸಾಲು ಇವತ್ತಿಗೂ ಸೊಟ್ಟಸೊಟ್ಟಗಿದೆ. ಮೊನ್ನೆ ಆ ಹುಡುಗಿ ಹೊಸ ಆಟದ ವೈರಿಗಳು ಒಂದೇ ಕಡೆಯಿಂದ ಬರುವುದಿಲ್ಲ ಎಂದು ಹೊಗಳಿದಾಗ ನನಗೆ ಚುಕ್ಕಿ ಕೊಡಲಾಗದೆ ಹೋದದ್ದು ಈ ಸಾಲಿನಿಂದಲೇ.

ಬರೆದು ಮುಗಿಸಿದ ಮೇಲೆ ಅಪ್ಪ ಎದ್ದು ನಿಂತ. "ನೀ ಈ ಕಡೆ ಬಾ, ನನ್ನ ಎಡಕ್ಕ ಕುಂದ್ರು" ಎಂದ. ಜಾಗ ಬದಲಿಸಿ ನಾನು ಎಡಗಡೆಯ ಕಿಟಕಿಗೆ ಕೂತೆ. "ಇನ್ನ ಮ್ಯಾಲೆ ಈ ಕಡಿಂದ ಏನ್ ಬಂದ್ರೂ ನೀನ ಹೇಳಬೇಕು ನೋಡು."

ಹೇಳಿದೆ. ಎಡಕ್ಕ ಎತ್ತಿನ ಗಾಡಿ. ಎಡಕ್ಕ ಲಾರಿ, ನೆಲ್ಲು ತುಂಬೈತಿ. ಎಡಕ್ಕ ಕಾಲುವೆ ಬಂತು. ಎಡಕ್ಕ ಗದ್ದಿಯಾಗ ಕೊಕ್ಕರೆ ಅದಾವಪ್ಪ.

"ಎಷ್ಟು?"

ಎಣಿಸಿದೆ. "ಹನ್ನೊಂದು."

ಅಪ್ಪ ಕತ್ತು ತಿರುಗಿಸಲಿಲ್ಲ. ನೇರ ನೋಡುತ್ತಲೇ ಕೂತಿದ್ದ. "ನನಗ ಒಂದೂ ಕಾಣವಲ್ದು" ಎಂದ. ಅಷ್ಟು ದಿನದಲ್ಲಿ ಆ ಮಾತನ್ನು ಆಟದ ಹೆಸರಿಲ್ಲದೆ ಅವನು ಹೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡ. "ನೀ ಹೇಳಕೋತ ನಡಿ."